ಶ್ರೀಲಂಕಾದ ಮಗು, ನಮ್ಮ ಕೇರಿಯ ಮಗು: ಅಕಾಲ ಸಾವಿನ ಲೆಕ್ಕ

ಉದ್ದದ ಬರಹ ಇದು. ಊಟ ಮುಗಿಸಿ, ಪುರುಸೊತ್ತು ಮಾಡ್ಕೊಂಡು ಓದಿ. ಮಧ್ಯದಲ್ಲಿ ಒಂದಿಷ್ಟು ಅಂಕಿಗಳು ಬರ್ತವೆ, ಹೆದರಬೇಡಿ. ನಾನು ಬಿಎ ಓದಿದವನು, ನನಗೇ ಅರ್ಥ ಆದ ಮೇಲೆ ನಿಮಗೆ ಆಗದೆ ಇರಲ್ಲ.

ಹೋದ ತಿಂಗಳು ಒಂದು ಪೋಸ್ಟ್ ಕೆಳಗೆ ಒಬ್ಬರು ಕೇಳಿದ್ದರು: "ಸಾವಿಗೆ ಜಾತಿ ಎಲ್ಲಿದೆ ಸಾರ್, ಯಮ ಜಾತಿ ಪ್ರಮಾಣಪತ್ರ ನೋಡ್ಕೊಂಡು ಬರ್ತಾನಾ?" ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದು ಅವರೊಬ್ಬರ ಮಾತಲ್ಲ. ನಮ್ಮ ಕೇರಿಯಲ್ಲೇ ಮೂವತ್ತೈದಕ್ಕೆ, ನಲವತ್ತಕ್ಕೆ ಯಾರಾದರೂ ಹೋದರೆ ನಮ್ಮವರ ಬಾಯಲ್ಲೇ ಬರೋ ಮಾತು, "ಆಯಸ್ಸು ಅಷ್ಟೇ ಇತ್ತು, ಹಣೇಲಿ ಬರ್ದಿತ್ತು". ಹಣೆಬರಹ ಅಂದ ಮೇಲೆ ಲೆಕ್ಕ ಕೇಳೋರು ಯಾರು? ಅದಕ್ಕೇ ಈ ಹಣೆಬರಹವನ್ನು ಪಕ್ಕದ ದೇಶದ ಹಣೆಬರಹದ ಜೊತೆ ಇಟ್ಟು ನೋಡೋಣ. ಒಂದೇ ತರದ ಬಿಸಿಲು, ಒಂದೇ ತರದ ಸೊಳ್ಳೆ, ಒಬ್ಬನೇ ಬ್ರಿಟಿಷ್ ಒಡೆಯ, ಒಂದು ವರ್ಷ ಹಿಂದೆಮುಂದೆ ಸಿಕ್ಕ ಸ್ವಾತಂತ್ರ್ಯ. ಶ್ರೀಲಂಕಾ ಮತ್ತು ಭಾರತ.

ಮೊದಲು ಬುನಾದಿ ಅಂಕಿ. 1940ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 32 ವರ್ಷ. ಸಿಲೋನ್‌ನಲ್ಲಿ, ಅಂದರೆ ಇವತ್ತಿನ ಶ್ರೀಲಂಕಾದಲ್ಲಿ, 1946ರಲ್ಲಿ ಸುಮಾರು 43. ಅವರದ್ದೂ ಏನು ಸ್ವರ್ಗ ಆಗಿರಲಿಲ್ಲ ಅನ್ನೋದನ್ನು ನೆನಪಿಡಿ. ಆದರೆ 1953ರ ಹೊತ್ತಿಗೆ ಅಲ್ಲಿ ಸರಾಸರಿ ಆಯುಷ್ಯ ಸುಮಾರು 58 ಆಯ್ತು. ಏಳು ವರ್ಷದಲ್ಲಿ ಹದಿನೈದು ವರ್ಷದ ಆಯುಷ್ಯ! ನಾವು ಆ 58ಕ್ಕೆ ಬಂದಿದ್ದು ಯಾವಾಗ ಗೊತ್ತಾ? 1980ರ ದಶಕದ ಕೊನೆಗೆ. ರಾಜೀವ್ ಗಾಂಧಿ ಪ್ರಧಾನಿ, ಟಿವಿಯಲ್ಲಿ ರಾಮಾಯಣ ಬರ್ತಿದ್ದ ಕಾಲ. ಲಂಕೆಗೆ ಸೇತುವೆ ಕಟ್ಟಿದ್ದನ್ನು ದೇಶವೆಲ್ಲಾ ಕೂತು ನೋಡ್ತಿದ್ದಾಗ, ಆಯುಷ್ಯದಲ್ಲಿ ನಾವು ಲಂಕೆಗಿಂತ 35 ವರ್ಷ ಹಿಂದೆ ಇದ್ವಿ.

"ಸರಾಸರಿ ಆಯುಷ್ಯ 32" ಅಂದರೆ ಎಲ್ಲರೂ 32ಕ್ಕೆ ಸತ್ತರು ಅಂತ ಅಲ್ಲ. ತುಂಬಾ ಜನ ಇಲ್ಲಿ ಎಡವುತ್ತಾರೆ. ಹೆಚ್ಚಿನ ಸಾವು ಮಕ್ಕಳದ್ದು, ಬಾಣಂತಿಯರದ್ದು. ಬದುಕಿದ ಅಜ್ಜ ಎಂಬತ್ತರವರೆಗೂ ಬದುಕುತ್ತಿದ್ದ. ಹಾಗಾಗಿ ಅಕಾಲ ಸಾವನ್ನು ನೋಡಬೇಕಂದರೆ ಮೊದಲು ಶಿಶುಗಳನ್ನೇ ನೋಡಬೇಕು. ಹುಟ್ಟಿದ ಸಾವಿರ ಕೂಸುಗಳಲ್ಲಿ ಒಂದು ವರ್ಷ ತುಂಬೋದರೊಳಗೆ ಎಷ್ಟು ಹೋಗ್ತವೆ ಅನ್ನೋದು ಶಿಶು ಮರಣ ದರ. ಭಾರತದಲ್ಲಿ 1971ರಲ್ಲಿ ಅದು 129. 1981ರಲ್ಲಿ 110. 1991ರಲ್ಲಿ 80. 2001ರಲ್ಲಿ 66. 2011ರಲ್ಲಿ 44. 2020ರಲ್ಲಿ 28. ಇಳೀತಾ ಬಂದಿದೆ, ಸುಳ್ಳಲ್ಲ. ಶ್ರೀಲಂಕಾದ್ದು 1946ರಲ್ಲಿ 141 ಇದ್ದದ್ದು ಮರುವರ್ಷವೇ 101, 1950ಕ್ಕೆ 82, 1960ಕ್ಕೆ 57, 1981ಕ್ಕೆ 30ರ ಒಳಗೆ. ಈಗ 6-7ರ ಆಸುಪಾಸು.

ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ಒಂದು ಸಣ್ಣ ಗುಣಾಕಾರ ಮಾಡಿ. 1981ರಲ್ಲಿ ಭಾರತದ ಜನಸಂಖ್ಯೆ 68 ಕೋಟಿ ಚಿಲ್ಲರೆ, ಆ ವರ್ಷ ಹುಟ್ಟಿದ ಮಕ್ಕಳು ಅಂದಾಜು 2.3 ಕೋಟಿ. ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಸಾವಿರಕ್ಕೆ 80. ಅಂದರೆ ಆ ಒಂದೇ ವರ್ಷ, ನಮ್ಮಲ್ಲಿ ಶ್ರೀಲಂಕಾದ ದರ ಇದ್ದಿದ್ದರೆ ಬದುಕಬಹುದಾಗಿದ್ದ ಕೂಸುಗಳು ಸುಮಾರು 18 ಲಕ್ಷ. ಅಮೆರಿಕದ ದರ ಬೇಡ, ಸ್ವೀಡನ್ ದರ ಬೇಡ, ನಮ್ಮ ಹಾಗೇ ಅನ್ನ ಸಾರು ಉಣ್ಣುವ ಬಡ ದೇಶದ ದರ ಸಾಕಿತ್ತು. ಈಗಿನ ಅಂತರದಲ್ಲಿ ಲೆಕ್ಕ ಹಾಕಿದರೂ ವರ್ಷಕ್ಕೆ ನಾಲ್ಕೂವರೆ ಐದು ಲಕ್ಷ ಬರ್ತದೆ. ಇದು ನಾನು ಕ್ಯಾಲ್ಕುಲೇಟರಲ್ಲಿ ಹಾಕಿದ ಒರಟು ಲೆಕ್ಕ, ನೀವೂ ಹಾಕಿ ನೋಡಿ.

ಇಂಥ ಲೆಕ್ಕ ಹಾಕೋದನ್ನು ಕಲಿಸಿದ್ದು ಅಮರ್ತ್ಯ ಸೇನ್ ಮತ್ತು ಜಾನ್ ಡ್ರೇಜ್. 1989ರ ಅವರ ಪುಸ್ತಕದಲ್ಲಿ ಭಾರತವನ್ನು ಚೀನಾ ಜೊತೆ ಹೋಲಿಸಿದ್ದರು. ಚೀನಾದ ಮರಣ ದರ ನಮಗಿದ್ದಿದ್ದರೆ ವರ್ಷಕ್ಕೆ ಸುಮಾರು 39 ಲಕ್ಷ ಸಾವು ಕಮ್ಮಿ ಆಗ್ತಿತ್ತು ಅಂತ ಅವರ ಲೆಕ್ಕ. ಕ್ಷಾಮ ಬಂದರೆ ಪೇಪರಲ್ಲಿ ಬರ್ತದೆ, ಮಂತ್ರಿ ಓಡಿ ಬರ್ತಾನೆ. ದಿನಾ ಸದ್ದಿಲ್ಲದೆ ಆಗೋ ಸಾವು ಸುದ್ದಿ ಆಗಲ್ಲ. ಆದರೆ ನಾನು ಬೇಕಂತಲೇ ಚೀನಾ ಬಿಟ್ಟು ಶ್ರೀಲಂಕಾ ತಗೊಂಡಿದ್ದೀನಿ. ಚೀನಾ ಅಂದ ಕೂಡಲೇ "ಅಲ್ಲಿ ಸರ್ವಾಧಿಕಾರ ಇದೆ, ಮಾಡ್ತಾರೆ" ಅನ್ನೋ ಉತ್ತರ ರೆಡಿ ಇರುತ್ತೆ. ಮಾವೋ ಕಾಲದ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತದ್ದೂ ನಿಜ. ಶ್ರೀಲಂಕಾದ ಕತೆ ಬೇರೆ. ಅಲ್ಲಿ ಜನ ಮತ ಹಾಕಿ ಆಯುಷ್ಯ ತಗೊಂಡರು.

ಈಗ ಇತಿಹಾಸಕ್ಕೆ ಬರೋಣ.

1931. ಡೊನೊಮೋರ್ ಸಂವಿಧಾನದ ಅಡಿಯಲ್ಲಿ ಸಿಲೋನ್‌ನಲ್ಲಿ ವಯಸ್ಕರೆಲ್ಲರಿಗೂ, ಗಂಡಸು ಹೆಂಗಸು ಇಬ್ಬರಿಗೂ, ಮತದ ಹಕ್ಕು ಸಿಕ್ಕಿತು. ಏಷ್ಯಾದಲ್ಲೇ ಮೊದಲ ಸಾಲಿನಲ್ಲಿ. ನಮ್ಮಲ್ಲಿ? ಬಾಬಾಸಾಹೇಬರು ಸೈಮನ್ ಆಯೋಗದ ಕಾಲದಲ್ಲೇ ವಯಸ್ಕರಿಗೆಲ್ಲ ಮತ ಕೊಡಿ ಅಂತ ಕೇಳಿದ್ದರು. ಕಾಂಗ್ರೆಸ್ಸಿನ ದೊಡ್ಡವರು ಆಯೋಗವನ್ನೇ ಬಹಿಷ್ಕರಿಸಿ ಬೀದಿಯಲ್ಲಿದ್ದಾಗ, ಇವರು ಒಳಗೆ ಹೋಗಿ ಕೂತು ಮತ ಕೇಳಿದ್ದಕ್ಕೆ ದೇಶದ್ರೋಹಿ ಅನ್ನಿಸಿಕೊಂಡರು. ಬ್ರಿಟಿಷರು ಕೊಡಲಿಲ್ಲ. 1935ರ ಕಾಯ್ದೆಯಲ್ಲೂ ಮತ ಸಿಕ್ಕಿದ್ದು ಆಸ್ತಿ, ತೆರಿಗೆ, ಓದು ಇದ್ದವರಿಗೆ. ನಮ್ಮವರ ಬಹುಪಾಲು ಜನಕ್ಕೆ ಮೊದಲ ಮತ 1951-52ರ ಚುನಾವಣೆಯಲ್ಲಿ. ಇಪ್ಪತ್ತು ವರ್ಷದ ಅಂತರ.

ಆ ಇಪ್ಪತ್ತು ವರ್ಷದಲ್ಲಿ ಅಲ್ಲಿ ಏನಾಯ್ತು ನೋಡಿ. 1934ರಲ್ಲಿ ಮಳೆ ಕೈಕೊಟ್ಟು ಹೊಳೆಗಳು ಬತ್ತಿ ಗುಂಡಿಗುಂಡಿಯಾಗಿ ನೀರು ನಿಂತು, ಸೊಳ್ಳೆ ಎದ್ದಿತು. 1934-35ರ ಮಲೇರಿಯಾಕ್ಕೆ ಸತ್ತವರು ಸುಮಾರು 80 ಸಾವಿರ. 1935ರಲ್ಲಿ ಅಲ್ಲಿ ಶಿಶು ಮರಣ ಸಾವಿರಕ್ಕೆ 263. ನಾಲ್ಕು ಕೂಸಲ್ಲಿ ಒಂದು! ಎಡಪಂಥೀಯ ಯುವಕರು, ಎನ್.ಎಂ. ಪೆರೇರಾ ತರದವರು, ಹಳ್ಳಿಗಳಿಗೆ ನುಗ್ಗಿ ಕ್ವಿನೈನ್, ಆಹಾರ ಹಂಚಿದರು, ಹೆಸರು ಮಾಡಿದರು, ಮುಂದಿನ ಚುನಾವಣೆಯಲ್ಲಿ ಗೆದ್ದು ಸ್ಟೇಟ್ ಕೌನ್ಸಿಲ್ಲಿಗೆ ಹೋದರು. ಹಳ್ಳಿಯ ಪ್ರತಿನಿಧಿಗಳೆಲ್ಲ ನನ್ನ ಕ್ಷೇತ್ರಕ್ಕೆ ಆಸ್ಪತ್ರೆ ಬೇಕು, ನನಗೆ ಡಿಸ್ಪೆನ್ಸರಿ ಬೇಕು ಅಂತ ಜಗಳಕ್ಕೆ ಬಿದ್ದರು. ಮತ ಹಾಕೋ ಬಡವನ ಮಗು ಸತ್ತರೆ ಸೋಲ್ತೀವಿ ಅನ್ನೋ ಭಯ ಒಂದು ಸಲ ರಾಜಕಾರಣಿಗೆ ಹುಟ್ಟಿಬಿಟ್ಟರೆ ಏನೇನೋ ಆಗ್ತದೆ.

ಇಲ್ಲೊಂದು ನಮ್ಮ ಕರ್ನಾಟಕದ ಕೊಂಡಿ ಇದೆ. 1926ರಲ್ಲಿ ಸಿಲೋನಿನ ಕಳುತರದಲ್ಲಿ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಒಂದು 'ಹೆಲ್ತ್ ಯೂನಿಟ್' ಶುರುವಾಯ್ತು. ಒಂದು ಪ್ರದೇಶ, ಒಬ್ಬ ಆರೋಗ್ಯಾಧಿಕಾರಿ, ಅವನ ಕೆಳಗೆ ನರ್ಸು, ಮಿಡ್‌ವೈಫ್, ಸ್ಯಾನಿಟರಿ ಇನ್ಸ್‌ಪೆಕ್ಟರು. ರೋಗ ಬಂದ ಮೇಲೆ ಆಸ್ಪತ್ರೆಗೆ ಬರಲಿ ಅಂತ ಕಾಯದೆ, ಇವರೇ ಮನೆಮನೆಗೆ ಹೋಗೋದು. ಅದೇ ಫೌಂಡೇಶನ್ ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದಿತ್ತು. 1920ರ ದಶಕದ ಕೊನೆಗೆ ಮಂಡ್ಯದಲ್ಲಿ, 1936ರಲ್ಲಿ ಕ್ಲೋಸ್‌ಪೇಟೆಯಲ್ಲಿ ಅಂದರೆ ಇವತ್ತಿನ ರಾಮನಗರದಲ್ಲಿ ಇಂಥದ್ದೇ ಯೂನಿಟ್ ಆಯ್ತು. ಅದೇ ದುಡ್ಡು, ಅದೇ ಮಾದರಿ. ಆದರೆ ಸಿಲೋನಿನಲ್ಲಿ ಅದು ದ್ವೀಪದ ತುಂಬಾ ಹಬ್ಬಿತು, ನಮ್ಮಲ್ಲಿ ಮಾದರಿ ಮಾದರಿಯಾಗೇ ಉಳೀತು. ಮಹಾರಾಜರ ಪ್ರಜಾಪ್ರತಿನಿಧಿ ಸಭೆಯಲ್ಲಿ ಕೇರಿಯ ಓಟಿಗೆ ಹೆದರಿ ಕೂರುವವರು ಯಾರೂ ಇರಲಿಲ್ಲ.

1945ರಲ್ಲಿ ಕನ್ನಂಗರ ಅನ್ನೋ ಶಿಕ್ಷಣ ಮಂತ್ರಿ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಓದು ಉಚಿತ ಮಾಡಿದರು. 1951ರ ಸುಮಾರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ ಆಯ್ತು. ಯುದ್ಧಕಾಲದಲ್ಲಿ ಶುರುವಾದ ಅಕ್ಕಿ ರೇಷನ್ನು ಮುಂದುವರೀತು. 1946ರ ಹೊತ್ತಿಗೆ ಅಲ್ಲಿ ನೂರಕ್ಕೆ 44 ಹೆಂಗಸರಿಗೆ ಓದು ಬರ್ತಿತ್ತು. 1951ರಲ್ಲಿ ಭಾರತದ ಹೆಂಗಸರಲ್ಲಿ? ನೂರಕ್ಕೆ 9. ಅದರಲ್ಲಿ ನಮ್ಮ ಅವ್ವಂದಿರು ಎಷ್ಟು ಅಂತ ನೀವೇ ಊಹಿಸಿ.

1953ರಲ್ಲಿ ಡಡ್ಲಿ ಸೇನಾನಾಯಕೆ ಸರ್ಕಾರ ಖಜಾನೆ ಖಾಲಿ ಅಂತ ಹೇಳಿ ರೇಷನ್ ಅಕ್ಕಿಯನ್ನು ಒಂದು ಅಳತೆಗೆ 25 ಸೆಂಟ್‌ನಿಂದ 70 ಸೆಂಟ್‌ಗೆ ಏರಿಸಿತು. ಆಗಸ್ಟ್ 12ಕ್ಕೆ ಹರತಾಳ. ಅಂಗಡಿ ಮುಚ್ಚಿದವು, ರೈಲು ನಿಂತವು, ಗೋಲಿಬಾರ್ ಆಗಿ ಜನ ಸತ್ತರು. ಮಂತ್ರಿಮಂಡಲ ಎಷ್ಟು ಹೆದರಿತು ಅಂದರೆ ಕೊಲಂಬೊ ಬಂದರಿನಲ್ಲಿ ನಿಂತಿದ್ದ ನ್ಯೂಫೌಂಡ್‌ಲ್ಯಾಂಡ್ ಅನ್ನೋ ಬ್ರಿಟಿಷ್ ಯುದ್ಧನೌಕೆ ಹತ್ತಿ ಅಲ್ಲಿ ಸಭೆ ನಡೆಸಿತು! ಎರಡು ತಿಂಗಳಲ್ಲಿ ಪ್ರಧಾನಿ ರಾಜೀನಾಮೆ. ಆಮೇಲೆ ಇಪ್ಪತ್ತೈದು ವರ್ಷ ಆ ಅಕ್ಕಿಯನ್ನು ಪೂರ್ತಿ ಕಿತ್ತುಕೊಳ್ಳೋ ಧೈರ್ಯ ಯಾರಿಗೂ ಬರಲಿಲ್ಲ. ಅನ್ನಭಾಗ್ಯವನ್ನು 'ಬಿಟ್ಟಿ' ಅಂತ ಬೈಯೋರು ಸಿಕ್ಕಿದಾಗ ನನಗೆ ಯಾವಾಗಲೂ ಈ ಹಡಗು ನೆನಪಾಗ್ತದೆ.

"ಅದೆಲ್ಲ ಡಿಡಿಟಿ ಮಹಿಮೆ ಕಣ್ರೀ" ಅನ್ನೋ ವಾದ ಒಂದಿದೆ. 1946ರಿಂದ ಸಿಲೋನಿನಲ್ಲಿ ಮನೆಮನೆಗೆ ಡಿಡಿಟಿ ಹೊಡೆದರು, ಮರುವರ್ಷವೇ ಒಟ್ಟು ಮರಣ ದರ ಸಾವಿರಕ್ಕೆ 20ರಿಂದ 14ಕ್ಕೆ ಬಿತ್ತು. ತಜ್ಞರು ಇದರ ಮೇಲೆ ದಶಕಗಟ್ಟಲೆ ಕಿತ್ತಾಡಿದ್ದಾರೆ. ಡಿಡಿಟಿ ಪಾಲು ಇದೆ, ಇಲ್ಲ ಅನ್ನೋಕಾಗಲ್ಲ. ಆದರೆ ಮಲೇರಿಯಾ ಇಲ್ಲದ ಜಿಲ್ಲೆಗಳಲ್ಲೂ ಸಾವು ಇಳೀತು. ನಾವೂ 1953ರಿಂದ ಡಿಡಿಟಿ ಹೊಡೆದವರೇ, 1960ರ ದಶಕದ ಆರಂಭಕ್ಕೆ ನಮ್ಮಲ್ಲೂ ಮಲೇರಿಯಾ ಸಾವು ಹತ್ತಿರಹತ್ತಿರ ನಿಂತಿತ್ತು. ಆದರೂ 1971ರಲ್ಲಿ ನಮ್ಮ ಶಿಶು ಮರಣ 129, ಅವರದ್ದು 50ರ ಒಳಗೆ. ಒಂದೇ ಔಷಧಿಗೆ ಎರಡು ಫಲ ಬಂದರೆ ಬೇರೆ ಕಡೆ ಕಾರಣ ಹುಡುಕಬೇಕು.

ನನ್ನ ಉತ್ತರ: ಸೂಲಗಿತ್ತಿ.

ಹೆರಿಗೆ ಅಂದರೆ ರಕ್ತ, ಮೈಲಿಗೆ. ನಮ್ಮ ದೇಶದ ಎಷ್ಟೋ ಭಾಗಗಳಲ್ಲಿ ಹೊಕ್ಕುಳಬಳ್ಳಿ ಕತ್ತರಿಸೋದು, ಕಸ ಹೂಳೋದು, ಮೈಲಿಗೆ ಬಟ್ಟೆ ಒಗೆಯೋದು ನಮ್ಮ ಹೆಂಗಸರ ಪಾಲಿನ ಕೆಲಸ. ಉತ್ತರ ಭಾರತದಲ್ಲಂತೂ ದಾಯಿ ಅಂದರೆ ಬಹುತೇಕ ದಲಿತ ಹೆಂಗಸೇ. ಅನುಭವ ಇತ್ತು, ಕೈಗುಣ ಇತ್ತು, ಮರ್ಯಾದೆ ಇರಲಿಲ್ಲ. ಸಂಬಳ ಇರಲಿಲ್ಲ, ಒಂದು ಸೇರು ಕಾಳು ಒಂದು ಹಳೇ ಸೀರೆ. ತರಬೇತಿಯ ಮಾತಂತೂ ದೂರ. ಸಿಲೋನಿನಲ್ಲಿ ಅದೇ ಕೆಲಸವನ್ನು ಸರ್ಕಾರಿ ನೌಕರಿ ಮಾಡಿದರು. ಕೊಲಂಬೊದ ಡಿ ಸೊಯ್ಸಾ ಹೆರಿಗೆ ಆಸ್ಪತ್ರೆ ಶುರುವಾಗಿದ್ದು 1879ರಲ್ಲಿ, ಮಿಡ್‌ವೈಫ್ ತರಬೇತಿ ಆ ಕಾಲದಿಂದಲೇ. ಆಮೇಲೆ ಸುಮಾರು ಮೂರು ಸಾವಿರ ಜನಕ್ಕೊಬ್ಬಳು ಸಾರ್ವಜನಿಕ ಆರೋಗ್ಯ ಮಿಡ್‌ವೈಫ್. ಸಂಬಳ, ಸಮವಸ್ತ್ರ, ಕೈಯಲ್ಲೊಂದು ರಿಜಿಸ್ಟರು. ಯಾವ ಮನೆಯಲ್ಲಿ ಯಾರು ಬಸುರಿ, ಯಾವ ಕೂಸಿನ ತೂಕ ಎಷ್ಟು, ಎಲ್ಲ ಅವಳ ಪುಸ್ತಕದಲ್ಲಿ. 1930ರ ಸುಮಾರಿಗೆ ಅಲ್ಲಿ ಲಕ್ಷ ಹೆರಿಗೆಗೆ 2000ಕ್ಕೂ ಹೆಚ್ಚು ತಾಯಂದಿರು ಸಾಯ್ತಿದ್ದರು. 1950ರ ದಶಕದ ಆರಂಭಕ್ಕೆ 500-600. ಶತಮಾನದ ಕೊನೆಗೆ ಎರಡಂಕಿ. ಭಾರತ ಎರಡಂಕಿಗೆ ಇಳಿದದ್ದು 2018-20ರ ಲೆಕ್ಕದಲ್ಲಿ, 97. ಕರ್ನಾಟಕದ್ದು ಆಗ 69, ದಕ್ಷಿಣದಲ್ಲಿ ನಾವೇ ಕಡೆ.

ನಮ್ಮಲ್ಲೂ ನರ್ಸಮ್ಮ ಬಂದರು, ಉಪಕೇಂದ್ರ ಬಂತು. 1946ರ ಭೋರ್ ಸಮಿತಿ ವರದಿಯಲ್ಲೇ ಎಲ್ಲ ಬರೆದಿತ್ತು. ಆದರೆ ಕೇರಿಗೆ ಬಂದರಾ? ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಟ್ ಮುಂತಾದವರು 11 ರಾಜ್ಯಗಳಲ್ಲಿ ಮಾಡಿದ ಅಸ್ಪೃಶ್ಯತೆಯ ಸಮೀಕ್ಷೆ 2006ರಲ್ಲಿ ಪುಸ್ತಕವಾಗಿ ಬಂತು. ಅದರ ಪ್ರಕಾರ ಸುಮಾರು ಮೂರನೇ ಒಂದರಷ್ಟು ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗಲು ಒಪ್ಪುತ್ತಿರಲಿಲ್ಲ. ಇದು ಬ್ರಿಟಿಷರ ಕಾಲದ ಮಾತಲ್ಲ ಗೆಳೆಯರೆ, ಮೊಬೈಲ್ ಫೋನು ಬಂದ ಮೇಲಿನ ಮಾತು. ಯಮ ಜಾತಿ ನೋಡದೆ ಇರಬಹುದು. ಅವನನ್ನು ತಡೆಯಬೇಕಾದವರು ನೋಡ್ತಾರೆ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವಿನ ಲೆಕ್ಕ ಹೀಗಿದೆ. ಸಾವಿರಕ್ಕೆ ಪರಿಶಿಷ್ಟ ಪಂಗಡ 57, ಪರಿಶಿಷ್ಟ ಜಾತಿ 56, ಹಿಂದುಳಿದ ವರ್ಗ 51, 'ಇತರೆ' 39. ಅದೇ ಕಾಲಕ್ಕೆ ಶ್ರೀಲಂಕಾದ ಸರಾಸರಿ 10ರ ಆಸುಪಾಸು. ನಮ್ಮ ಮಕ್ಕಳ 56 ಮಾತ್ರ ನೋಡಬೇಡಿ, ಆ 39ನ್ನೂ ನೋಡಿ. ಭಾರತದ ಮೇಲ್ಜಾತಿಯ ಕೂಸು ಕೂಡ ಶ್ರೀಲಂಕಾದ ಸಾಮಾನ್ಯ ಕೂಸಿಗಿಂತ ನಾಲ್ಕು ಪಟ್ಟು ಹೆಚ್ಚು ಸಾಯ್ತಿತ್ತು. ಡಯೇನ್ ಕಾಫಿ, ಡೀನ್ ಸ್ಪಿಯರ್ಸ್ ಅನ್ನೋ ಇಬ್ಬರು ಸಂಶೋಧಕರು 2017ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ಕಾರಣ ಕೊಡ್ತಾರೆ. ಅಗ್ಗದ ಗುಂಡಿ ಪಾಯಿಖಾನೆ ಕಟ್ಟಿಸಿದರೆ ಅದು ತುಂಬಿದಾಗ ಖಾಲಿ ಮಾಡೋರು ಯಾರು ಅನ್ನೋ ಪ್ರಶ್ನೆ. ಅದು 'ಅವರ' ಕೆಲಸ, ಮನೇಲಿ ಇಟ್ಟುಕೊಂಡರೆ ಮೈಲಿಗೆ. ಹಾಗಾಗಿ ಉತ್ತರ ಭಾರತದ ಹಳ್ಳಿಗಳಲ್ಲಿ ದುಡ್ಡಿದ್ದವನೂ ಚೊಂಬು ಹಿಡಿದು ಬಯಲಿಗೆ ಹೋದ. ಬಯಲಿನ ಹೊಲಸು ಎಲ್ಲರ ಮನೆಯ ಕೂಸಿನ ಬಾಯಿಗೂ ಬಂತು. ನೊಣಕ್ಕೆ ಮಡಿ ಗೊತ್ತಿಲ್ಲ.

ದೊಡ್ಡವರ ಅಕಾಲ ಸಾವಿನ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಅಳತೆ ಇಟ್ಟಿದೆ. ಮೂವತ್ತು ವರ್ಷದ ಒಬ್ಬ ಮನುಷ್ಯ ಎಪ್ಪತ್ತು ತುಂಬೋದರೊಳಗೆ ಹೃದಯ, ಕ್ಯಾನ್ಸರ್, ಸಕ್ಕರೆ, ಶ್ವಾಸಕೋಶದ ದೀರ್ಘ ಕಾಯಿಲೆ ಇವುಗಳಿಂದ ಸಾಯುವ ಸಾಧ್ಯತೆ ಎಷ್ಟು ಅಂತ. 2016ಕ್ಕೆ ಭಾರತದಲ್ಲಿ ಅದು ನೂರಕ್ಕೆ 23, ಶ್ರೀಲಂಕಾದಲ್ಲಿ 17. ಮಕ್ಕಳ ಸಾವಿನಷ್ಟು ದೊಡ್ಡ ಅಂತರ ಅಲ್ಲ. ಅಲ್ಲೂ ಬೀಡಿ, ಸಾರಾಯಿ, ಸಕ್ಕರೆ ಕಾಯಿಲೆ ಇವೆ, ಅನುರಾಧಪುರದ ಕಡೆ ರೈತರ ಮೂತ್ರಪಿಂಡ ಹಾಳುಮಾಡುವ ಕಾಯಿಲೆ ಸಾವಿರಾರು ಜನರನ್ನು ತಿಂದಿದೆ.

ನಾನು ಕೆಲಸ ಮಾಡುವ ಕಚೇರಿಯಲ್ಲಿ ಅನುಕಂಪದ ನೇಮಕಾತಿ ಫೈಲುಗಳು ನನ್ನ ಟೇಬಲ್ಲಿಗೇ ಬರ್ತವೆ. ಸರ್ವಿಸಲ್ಲಿರುವಾಗ ತೀರಿಕೊಂಡ ನೌಕರರ ಮಕ್ಕಳ ಅರ್ಜಿ. ಮೊದಲ ಪುಟದಲ್ಲಿ ಹುಟ್ಟಿದ ದಿನಾಂಕ, ಸತ್ತ ದಿನಾಂಕ. ಡಿ ಗ್ರೂಪಿನವರದ್ದು, ಸ್ವಚ್ಛತಾ ಕೆಲಸದವರದ್ದು 43, 47, 51 ಹೀಗೇ ಬರ್ತಿರ್ತವೆ. ಲಗತ್ತಿಸಿದ ಜಾತಿ ಪ್ರಮಾಣಪತ್ರ ಯಾವುದಿರ್ತದೆ ಅಂತ ನಾನು ಹೇಳಬೇಕಿಲ್ಲ. ಇದು ಸಮೀಕ್ಷೆಯಲ್ಲ, ಒಂದು ಟೇಬಲ್ಲಿನ ಮಾತು. ಸಮೀಕ್ಷೆ ಬೇಕಂದರೆ 2022ರಲ್ಲಿ ಸಂಗೀತಾ ವ್ಯಾಸ್, ಪಾಯಲ್ ಹಾಥಿ, ಆಶಿಶ್ ಗುಪ್ತ ಪ್ರಕಟಿಸಿದ್ದು ಇದೆ. ಒಂಬತ್ತು ರಾಜ್ಯಗಳ ದತ್ತಾಂಶ. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು, ದಲಿತರದ್ದು ಮೂರು ವರ್ಷಕ್ಕೂ ಹೆಚ್ಚು, ಮುಸ್ಲಿಮರದ್ದು ಸುಮಾರು ಒಂದು ವರ್ಷ ಕಮ್ಮಿ. ಬಡತನದಿಂದ ಅಲ್ವಾ ಅಂದರೆ, ಬಡತನವನ್ನು ಲೆಕ್ಕಕ್ಕೆ ತಗೊಂಡರೂ ದಲಿತರ, ಆದಿವಾಸಿಗಳ ಈ ಅಂತರದ ಅರ್ಧಕ್ಕೂ ಉತ್ತರ ಸಿಗಲಿಲ್ಲ.

ಇಲ್ಲಿ ನಮ್ಮ ಸಂಗಾತಿಗಳಿಗೊಂದು ಮಾತು. "ದಲಿತ ಮಹಿಳೆಯ ಸರಾಸರಿ ಆಯುಷ್ಯ 39" ಅನ್ನೋ ಪೋಸ್ಟರ್ ಪ್ರತಿ ವರ್ಷ ಏಪ್ರಿಲ್ 14ಕ್ಕೆ ಓಡಾಡ್ತದೆ. ಅದು ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2018ರ ವರದಿಯದ್ದು. ಅದು ಹೇಳೋದು ಸಮೀಕ್ಷೆಯ ಕುಟುಂಬಗಳಲ್ಲಿ ಸತ್ತ ಹೆಂಗಸರ ಸಾಯುವಾಗಿನ ಸರಾಸರಿ ವಯಸ್ಸು, ದಲಿತರಲ್ಲಿ 39.5, ಮೇಲ್ಜಾತಿಯಲ್ಲಿ 54.1. ಅದಕ್ಕೂ ಸರಾಸರಿ ಆಯುಷ್ಯಕ್ಕೂ ವ್ಯತ್ಯಾಸ ಇದೆ. ಮಕ್ಕಳು, ಯುವಜನ ಹೆಚ್ಚಿರೋ ಸಮುದಾಯದಲ್ಲಿ ಸಾಯುವಾಗಿನ ಸರಾಸರಿ ವಯಸ್ಸು ತಾನಾಗೇ ಕಮ್ಮಿ ಬರ್ತದೆ. ಅಂತರ ನಿಜ, ಘೋರ. ಆದರೆ ಎದುರಿನವರು ನಮ್ಮ ಒಂದು ಅಂಕಿ ತಪ್ಪು ಅಂತ ತೋರಿಸಿ ಪೂರ್ತಿ ವಾದವನ್ನೇ ಎಸೆಯೋ ಅವಕಾಶ ಕೊಡಬೇಡಿ. ಸರಿಯಾದ ಅಂಕಿಯೇ ಸಾಕಷ್ಟು ಕೆಟ್ಟದಾಗಿದೆ.

ವಿಷದ ಕತೆಯನ್ನೂ ಹೇಳಿಬಿಡ್ತೀನಿ. 1995ರಲ್ಲಿ ಶ್ರೀಲಂಕಾದ ಆತ್ಮಹತ್ಯೆ ದರ ಲಕ್ಷಕ್ಕೆ 47, ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಬಹುಪಾಲು ಕೀಟನಾಶಕ ಕುಡಿದು. ಅವರು ಅತಿ ವಿಷಕಾರಿ ಔಷಧಿಗಳನ್ನು ಒಂದೊಂದಾಗಿ ನಿಷೇಧಿಸ್ತಾ ಬಂದರು. 1984ರಲ್ಲಿ ಪ್ಯಾರಾಥಿಯಾನ್, 1995ರಲ್ಲಿ ಉಳಿದ ಮೊದಲ ದರ್ಜೆಯ ವಿಷಗಳು, 1998ರಲ್ಲಿ ಎಂಡೋಸಲ್ಫಾನ್. ಹತ್ತು ವರ್ಷದಲ್ಲಿ ಆತ್ಮಹತ್ಯೆ ದರ ಅರ್ಧಕ್ಕಿಳೀತು. ಸಿಟ್ಟಿನಲ್ಲಿ, ಸಾಲದಲ್ಲಿ ಕೈಗೆ ಸಿಕ್ಕಿದ್ದು ಕುಡಿದವರು ಬದುಕಿಕೊಂಡರು. ಎಂಡೋಸಲ್ಫಾನ್ ಅಂದ ಕೂಡಲೇ ನಿಮಗೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ನೆನಪಾಗಿರಬೇಕು. ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಸುರಿದು, ಕೆಳಗಿದ್ದ ಮನೆಗಳಲ್ಲಿ ಹುಟ್ಟಿದ ಮಕ್ಕಳು ಹಾಸಿಗೆ ಹಿಡಿದವು. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರಲ್ಲಿ, ಅದೇ ವರ್ಷ ಸುಪ್ರೀಂ ಕೋರ್ಟೂ ದೇಶಕ್ಕೆಲ್ಲ ನಿಲ್ಲಿಸಿತು. ಶ್ರೀಲಂಕಾಕ್ಕಿಂತ 13 ವರ್ಷ ತಡ.

ಹಾಗಾದರೆ ಶ್ರೀಲಂಕಾ ರಾಮರಾಜ್ಯವಾ? (ರಾಮನಿಗೆ ಅಲ್ಲಿ ಕೆಲಸವಿಲ್ಲ ಬಿಡಿ.) ಅಲ್ಲ. ಜಾಫ್ನಾದಲ್ಲಿ ವೆಳ್ಳಾಳರ ದಬ್ಬಾಳಿಕೆ, ಪಂಚಮರಿಗೆ ಹೋಟೆಲಲ್ಲಿ ಬೇರೆ ಲೋಟ. 1968ರಲ್ಲಿ ಮಾವಿಟ್ಟಪುರಂ ದೇವಸ್ಥಾನದ ಪ್ರವೇಶಕ್ಕೆ ಹೋರಾಟ ಮಾಡಬೇಕಾಯ್ತು. 1983ರಿಂದ 2009ರವರೆಗಿನ ಯುದ್ಧದಲ್ಲಿ ಸತ್ತ ತಮಿಳರು ಯಾವ ಚಂದದ ಸರಾಸರಿಯಲ್ಲೂ ಕಾಣಲ್ಲ. 2022ರಲ್ಲಿ ಆರ್ಥಿಕತೆ ಕುಸಿದು ಆಸ್ಪತ್ರೆಗಳಲ್ಲಿ ಔಷಧಿಯೇ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಚಹಾ ತೋಟಗಳು. ಬ್ರಿಟಿಷರು ತಮಿಳುನಾಡಿನಿಂದ ಹಡಗಲ್ಲಿ ತುಂಬಿಕೊಂಡು ಹೋದ ಕೂಲಿಗಳು. ಅವರಲ್ಲಿ ದೊಡ್ಡ ಪಾಲು ಪರೈಯರು, ಪಳ್ಳರು, ಅರುಂಧತಿಯರು, ಅಂದರೆ ನಮ್ಮವರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್‌ಮನೆ ನೋಡಿದವರಿಗೆ ಅಲ್ಲಿನ ಬದುಕು ಬಿಡಿಸಿ ಹೇಳಬೇಕಿಲ್ಲ. 1931ರಲ್ಲಿ ಇವರಲ್ಲಿ ಸಾಕಷ್ಟು ಜನಕ್ಕೂ ಮತ ಸಿಕ್ಕಿತ್ತು. ಸ್ವಾತಂತ್ರ್ಯ ಬಂದ ವರ್ಷವೇ, 1948ರ ಪೌರತ್ವ ಕಾಯ್ದೆ ಸುಮಾರು ಏಳು ಲಕ್ಷ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಮರುವರ್ಷ ಮತದಾರರ ಪಟ್ಟಿಯಿಂದಲೂ ಹೊರಗೆ. ಈಗ ಹಿಂದಿನ ಮಾತು ನೆನಪಿಸಿಕೊಳ್ಳಿ, ಮತ ಇದ್ದಲ್ಲಿ ಆಸ್ಪತ್ರೆ ಬಂತು ಅಂದೆನಲ್ಲ. ಮತ ಕಿತ್ತುಕೊಂಡ ಕಡೆ ಏನಾಯ್ತು? ದೇಶಕ್ಕೆಲ್ಲ ಸರ್ಕಾರಿ ಮಿಡ್‌ವೈಫ್ ಹೋದರೆ ತೋಟದೊಳಗಿನ ಆರೋಗ್ಯ ಕಂಪನಿಗಳ ಕೈಯಲ್ಲೇ ಉಳೀತು. ತೋಟದ ಶಿಶು ಮರಣ ದಶಕಗಟ್ಟಲೆ ದೇಶದ ಸರಾಸರಿಗಿಂತ ತುಂಬಾ ಮೇಲೇ ಇತ್ತು. 1970ರ ದಶಕದ ಆಹಾರದ ಬಿಕ್ಕಟ್ಟಿನಲ್ಲಿ ಹಸಿವಿಗೆ ಮೊದಲು ಬಿದ್ದವರೂ ಇವರೇ. ತೋಟಗಳು ರಾಷ್ಟ್ರೀಕರಣ ಆದ ಮೇಲೆ, ಪೌರತ್ವ ವಾಪಸ್ ಬರುತ್ತಾ ಹೋದ ಹಾಗೆ, ಅಂತರ ಕಮ್ಮಿ ಆಗ್ತಾ ಬಂತು.

1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ ಇವರನ್ನು ದನ ಹಂಚಿದ ಹಾಗೆ ಹಂಚಿಕೊಂಡರು, 5.25 ಲಕ್ಷ ಭಾರತಕ್ಕೆ, 3 ಲಕ್ಷ ಅಲ್ಲಿಗೆ. ಹಾಗೆ ಬಂದವರಲ್ಲಿ ಕೆಲವರನ್ನು ನಮ್ಮ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ಹಾಕಿದರು. ಕೆಲ ವರ್ಷದ ಹಿಂದೆ ಒಂದು ಕಾರ್ಯಕ್ರಮಕ್ಕೆ ಆ ಕಡೆ ಹೋದಾಗ ಒಬ್ಬ ಅಜ್ಜಿ ಜೊತೆ ಮಾತಾಡಿದೆ. ತಮಿಳು ಬೆರೆಸಿದ ಕನ್ನಡ. "ಅಜ್ಜಿ, ಅಲ್ಲಿ ಚೆನ್ನಾಗಿತ್ತಾ, ಇಲ್ಲಿ ಚೆನ್ನಾಗಿದೆಯಾ?" ಅಂತ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಎರಡು ಕೂಸು ಮಣ್ಣು ಮಾಡಿದೆ ಮಗಾ, ಇಲ್ಲಿ ಒಂದು" ಅಂದರು. ನನ್ನ ಹತ್ತಿರ ಮುಂದಿನ ಪ್ರಶ್ನೆ ಇರಲಿಲ್ಲ.

ಇನ್ನು ಕೊನೇ ವಿಷಯ, ಲೆಕ್ಕ ಇಡೋದರ ಬಗ್ಗೆ. ಸಿಲೋನಿನಲ್ಲಿ ಜನನ-ಮರಣ ನೋಂದಣಿ ಕಾನೂನು 1867ರಿಂದ ಇದೆ. ಅಲ್ಲಿ ಒಬ್ಬ ಬಾಣಂತಿ ಸತ್ತರೆ ಯಾಕೆ ಸತ್ತಳು, ಯಾರು ತಡ ಮಾಡಿದರು ಅಂತ ಪ್ರತಿ ಸಾವಿಗೂ ವಿಚಾರಣೆ ನಡೀತದೆ. ನಮ್ಮ ಜನನ-ಮರಣ ನೋಂದಣಿ ಕಾಯ್ದೆ 1969ರದ್ದು. ಕೊರೋನಾ ಎರಡು ವರ್ಷದಲ್ಲಿ ಸರ್ಕಾರ ಹೇಳಿದ ಸಾವು 4.8 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 47 ಲಕ್ಷ. ಹೀಗಿದೆ ನಮ್ಮ ಹೆಣದ ಲೆಕ್ಕ. ದೇಶದ ಶಿಶು ಮರಣ, ತಾಯಿ ಮರಣದ ಅಂಕಿ ಕೊಡೋ ಮಾದರಿ ನೋಂದಣಿ ವ್ಯವಸ್ಥೆ, ಎಸ್‌ಆರ್‌ಎಸ್ ಅಂತಾರಲ್ಲ, ರಾಜ್ಯವಾರು ಕೊಡ್ತದೆ, ಗಂಡು ಹೆಣ್ಣು, ಹಳ್ಳಿ ಪಟ್ಟಣ ಅಂತ ಬೇರೆ ಮಾಡಿ ಕೊಡ್ತದೆ. ಜಾತಿವಾರು ಪ್ರಕಟಿಸಲ್ಲ. ಜನಗಣತಿಯಲ್ಲಿ ಜಾತಿ ಎಣಿಸ್ತೀವಿ ಅಂತ 2025ರಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ಬದುಕಿದವರ ಜಾತಿ ಎಣಿಸೋದಾದರೆ ಸತ್ತವರದ್ದೂ ಎಣಿಸಿ ಅಂತ ನಾವು ಕೇಳಬೇಕು. ಇದೇ ಬೇಡಿಕೆಯ ಒಂದು ಮನವಿಯ ಕರಡು ತಯಾರು ಮಾಡ್ತಿದ್ದೀನಿ, ಎರಡು ಪುಟ, ಮುಂದಿನ ಭಾನುವಾರ ಇಲ್ಲೇ ಹಾಕ್ತೀನಿ. ನಿಮ್ಮ ನಿಮ್ಮ ತಾಲ್ಲೂಕಲ್ಲಿ ತಹಶೀಲ್ದಾರರ ಮೂಲಕ ಕೊಡಬಹುದು.

ಅಷ್ಟರೊಳಗೆ ಒಂದು ಕೆಲಸ ಮಾಡಿ. ನಿಮ್ಮ ಕೇರಿಗೆ ನರ್ಸಮ್ಮ ತಿಂಗಳಿಗೆ ಎಷ್ಟು ಸಲ ಬರ್ತಾರೆ, ಬಂದರೆ ಮನೆಯೊಳಗೆ ಬರ್ತಾರಾ ಇಲ್ಲ ಅಂಗನವಾಡಿ ಬಾಗಿಲಲ್ಲೇ ನಿಂತು ಕರೀತಾರಾ, ಅವ್ವನನ್ನೋ ಅಕ್ಕನನ್ನೋ ಕೇಳಿ, ಊರಿನ ಹೆಸರಿನ ಜೊತೆ ಕಾಮೆಂಟಲ್ಲಿ ಬರೀರಿ. ಜೈಭೀಮ್.